ಷರತ್ತು ಸೇರಿಸಿದರೆ ಶರ್ಯತ್ತು ಗೆಲ್ಲೋದಿಲ್ಲ

ಬ್ಲಾಗಿನ ಕಡೆ ತಲೆ ಹಾಕದೇ ತಿಂಗಳುಗಳೇ ಆದವು. ಬೈಯಬೇಡಿ. ಇವತ್ತು ಬರೀಲೇಬೇಕಾದ ಕಾರಣ ಒಂದು ಬಂದಿದೆ, ಬರೀತಾ ಇರೋದು ಸ್ವಲ್ಪ ಸಿಟ್ಟಿನಲ್ಲೇ. ಸಿಟ್ಟು ಅರ್ಧ ನನ್ನ ಮೇಲೆ, ಇನ್ನರ್ಧ ನನ್ನಂಥ ಕಂಪ್ಯೂಟರ್ ಜಾಣರ ಮೇಲೆ.

ಕಳೆದ ವಾರ ಊರಿಂದ ಫೋನು ಬಂತು. ಕಾಕಾನ ಮಗ. ಊರು ಅಂದ್ರೆ ಚಿಕ್ಕೋಡಿ ತಾಲ್ಲೂಕಿನ ಒಂದು ಹಳ್ಳಿ, ಹೆಸರು ಬೇಡ ಬಿಡಿ.

"ಅಣ್ಣಾ, ಕಬ್ಬಿನ ಬಿಲ್ ಬಂತ ನೋಡ. ದೀಡ್ ಲಾಖಕ್ಕ ಸ್ವಲ್ಪ ಕಡಿಮಿ ಐತಿ. ನೀ ದೀಪಾವಳ್ಯಾಗ ಕಂಪ್ಯೂಟರಿನ್ಯಾಗ ಕುದುರಿ ಲೆಕ್ಕ ತೋರಿಸಿದ್ದೆಲ್ಲ, ಅದನ್ನ ನನಗ ಕಳಸ. ಇಲ್ಲೊಬ್ಬಾವ ಫೋನಿನ್ಯಾಗ ಆಡಸ್ತಾನ."

"ಎಷ್ಟ ಹಾಕಾಂವ ಇದ್ದಿ ತಮ್ಮಾ?"

"ಎಲ್ಲಾ ಹಾಕಂಗಿಲ್ಲ ಬಿಡ. ಅರ್ಧಾ."

ಫೋನು ಹಿಡಕೊಂಡು ಸುಮ್ನೆ ಕೂತೆ. ನಮ್ಮ ಕಡೆ ಕಬ್ಬಿನ ಬಿಲ್ ಅಂದ್ರೆ ಏನು ಅಂತ ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಹೇಳಬೇಕು. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಅಂತ ದಿನಗಟ್ಟಲೆ ರಸ್ತೆಯಲ್ಲಿ ಕೂತಿದ್ದರು. ಕಡೆಗೆ 3,300ಕ್ಕೆ ಇತ್ಯರ್ಥ ಆಯ್ತು. ಟನ್ನಿಗೆ ಕೆಲವು ನೂರು ರೂಪಾಯಿಗೋಸ್ಕರ ಅಷ್ಟು ಜನ ಮನೆ ಮಠ ಬಿಟ್ಟು ಬಂದಿದ್ದರು. ನಮ್ಮ ತಮ್ಮನದು 45 ಟನ್, ಆ ದರದಲ್ಲಿ 1,48,500 ರೂಪಾಯಿ. ಅದರಲ್ಲೇ ಗೊಬ್ಬರದ ಸಾಲ, ಕಾಕಿಯ ಔಷಧಿ, ಮಗಳ ಶಾಲೆ ಫೀಸು ಎಲ್ಲಾ ಆಗಬೇಕು. ಅದರಲ್ಲಿ ಅರ್ಧ ನನ್ನ ಕ್ವೆರಿ ಮೇಲೆ ಹಾಕ್ತಾನಂತೆ!

ತಪ್ಪು ಅವನದಲ್ಲ. ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ದೊಡ್ಡ ಪಂಡಿತನ ಹಾಗೆ ಪಾಠ ಮಾಡಿದವನು ನಾನೇ. ಗೆದ್ದ ಸಾಲುಗಳನ್ನ ತೋರಿಸಿದೆ. ಸೋತದ್ದನ್ನ ತೋರಿಸಲಿಲ್ಲ.

ಹಂಗಾಗಿ ಈ ಬರಹ. ರೇಸಿಗೆ ಹೋಗೋದು ಪಾಪ ಅಂತ ಉಪದೇಶ ಮಾಡೋಕೆ ನಾನು ಬಂದಿಲ್ಲ. ನಾನು ಹೇಳೋದು ಇಷ್ಟೇ: ಹಳೇ ರೇಸುಗಳ ಡೇಟಾಬೇಸಿಗೆ ಕ್ವೆರಿ ಹಾಕಿ ಲಾಭದ ದಾರಿ ಕಂಡುಹಿಡಿದೆ ಅನ್ನೋ ಮಾತಿದೆಯಲ್ಲ, ಅದು ವಿಜ್ಞಾನದ ವೇಷ ಹಾಕಿದ ಜೂಜು. ಆ ವೇಷವೇ ಜೂಜಿಗಿಂತ ಹೆಚ್ಚು ಅಪಾಯ.

ಮೊದಲು ಒಳ್ಳೇದನ್ನ ಹೇಳ್ತೀನಿ. ಕುದುರೆಯ ಓಟವನ್ನ ವೇಗದ ಹಂಚಿಕೆಯಿಂದ ಅಳೆಯೋದು, ಅಮೆರಿಕದವರು ಪೇಸ್ ಹ್ಯಾಂಡಿಕ್ಯಾಪಿಂಗ್ ಅಂತಾರಲ್ಲ, ಅದು ಬೊಗಳೆ ಅಲ್ಲ. (ನಮ್ಮಲ್ಲಿ ಹ್ಯಾಂಡಿಕ್ಯಾಪರ್ ಅಂದ್ರೆ ಯಾವ ಕುದುರೆ ಎಷ್ಟು ತೂಕ ಹೊರಬೇಕು ಅಂತ ನಿಗದಿ ಮಾಡೋ ಅಧಿಕಾರಿ. ಅಮೆರಿಕದಲ್ಲಿ ಗೆಲ್ಲೋ ಕುದುರೆ ಆರಿಸಲು ಲೆಕ್ಕ ಹಾಕೋನಿಗೂ ಅದೇ ಹೆಸರು. ನಾನು ಹೇಳ್ತಿರೋದು ಎರಡನೇದು.)

ಇದನ್ನ ನನಗೆ ಮೊದಲು ಕಲಿಸಿದ್ದು ಯಾವ ಅಮೆರಿಕದವನೂ ಅಲ್ಲ, ನಮ್ಮಜ್ಜ. ನಮ್ಮ ಕಡೆ ಜಾತ್ರೆ ಅಂದಮೇಲೆ ಶರ್ಯತ್ತು ಇರಲೇಬೇಕು. ಎತ್ತಿನ ಗಾಡಿ, ಕುದುರೆ ಗಾಡಿ, ಒಂದು ಕಡೆ ಕುದುರೆ ಒಂದು ಕಡೆ ಎತ್ತು ಕಟ್ಟಿದ ಗಾಡಿ. ಬಾವುಟ ನೆಟ್ಟ ಜಾಗದವರೆಗೆ ಹೋಗಿ ಹೊರಳಿ ಬರಬೇಕು. ಗಾಡಿಗಳ ಪಕ್ಕ ಮೋಟರ್‌ಸೈಕಲ್ ಮೇಲೆ ಹುಡುಗರು ಕೂಗ್ತಾ ಹೋಗೋದು, ಧೂಳು, ಗುಲಾಲು. ಅಜ್ಜ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳ್ತಿದ್ದ: "ಮೊದಲಿಗೇ ಸುಟ್ಟಕೊಂಡ ಕುದುರಿ ಹೊಳ್ಳಿ ಬರೂಮುಂದ ಸಾಯ್ತೈತಿ. ಇಬ್ಬರು ಮುಂದ ಕಚ್ಚಾಡಿದ್ರ ಮೂರನೇದಾಂವಗ ಬಕ್ಷೀಸು."

ಪೇಸ್ ಹ್ಯಾಂಡಿಕ್ಯಾಪಿಂಗಿನ ಸಾರ ಈ ಎರಡು ವಾಕ್ಯದಲ್ಲೇ ಇದೆ. ಅಮೆರಿಕದವರು ಅದಕ್ಕೆ ಅಂಕಿ ಹಚ್ಚಿದರು. ವಿಲಿಯಂ ಕ್ವಿರಿನ್ ಅನ್ನೋ ಗಣಿತದ ಮೇಷ್ಟ್ರು ಸಾವಿರಾರು ರೇಸುಗಳನ್ನ ಕಂಪ್ಯೂಟರಿಗೆ ಹಾಕಿ 1979ರಲ್ಲಿ ಪುಸ್ತಕ ಬರೆದ. ಶುರುವಿನಲ್ಲೇ ಮುಂದೆ ಹೋಗೋ ಕುದುರೆಗಳಿಗೆ ಅಂಕ ಕೊಡೋ ಪದ್ಧತಿ ಅವನದು. ಹೊವಾರ್ಡ್ ಸಾರ್ಟಿನ್, ಟಾಮ್ ಬ್ರೊಹ್ಯಾಮರ್ ಇದನ್ನ ಇನ್ನೂ ಬೆಳೆಸಿದರು. ಲೆಕ್ಕ ಸರಳ. 1200 ಮೀಟರ್ ರೇಸು ಅಂತಿಟ್ಕೊಳ್ಳಿ. ಮೊದಲ 600 ಮೀಟರ್ 36 ಸೆಕೆಂಡ್, ಉಳಿದ 600 ಮೀಟರ್ 37 ಸೆಕೆಂಡ್. ಮೊದಲರ್ಧದ ವೇಗ ಸೆಕೆಂಡಿಗೆ 16.67 ಮೀಟರ್, ಎರಡನೇ ಅರ್ಧದ್ದು 16.22. ಎರಡನ್ನೂ ಕೂಡಿಸಿ ಮೊದಲಿನದರ ಪಾಲು ತೆಗೆದರೆ ಶೇ. 50.68. ಈ ಕುದುರೆ ತನ್ನ ಶಕ್ತಿಯನ್ನ ಹೇಗೆ ಖರ್ಚು ಮಾಡ್ತು ಅನ್ನೋದಕ್ಕೆ ಅದೊಂದು ಗುರುತು. ಹಿಂದಿದ್ದ ಕುದುರೆಗೆ, ಮುಂದಿದ್ದದ್ದರ ಸಮಯಕ್ಕೆ ಪ್ರತಿ ಲೆಂತ್‌ಗೆ ಸುಮಾರು 0.2 ಸೆಕೆಂಡ್ ಸೇರಿಸೋದು. ಒಂದೇ ರೇಸಿನಲ್ಲಿ ಮುಂದೋಟದ ಕುದುರೆ ಒಂದೇ ಇದ್ದರೆ ಅದು ಆರಾಮಾಗಿ ಓಡಿ ಗೆಲ್ಲಬಹುದು. ಅಂಥವು ನಾಲ್ಕಿದ್ದರೆ ಒಂದನ್ನೊಂದು ಸುಡ್ತವೆ, ಹಿಂದಿಂದ ಬರೋದಕ್ಕೆ ದಾರಿ ಆಗುತ್ತೆ. ಅಜ್ಜ ಹೇಳಿದ್ದೂ ಇದೇ!

ಇಲ್ಲಿವರೆಗೆ ನನಗೆ ಯಾರ ಜೊತೆಗೂ ಜಗಳ ಇಲ್ಲ. ಜಗಳ ಶುರು ಆಗೋದು ಡೇಟಾಬೇಸಿನಿಂದ.

ಕೆಲವು ವರ್ಷದ ಹಿಂದೆ ನಾನು ಮಾಡಿದ್ದು ಹೀಗೆ. ಬೆಂಗಳೂರು, ಮೈಸೂರು ರೇಸುಗಳ ರಿಸಲ್ಟ್‌ಗಳನ್ನ ಸೇರಿಸಿ ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಮಾಡಿದೆ. ಕುದುರೆ, ಜಾಕಿ, ಟ್ರೇನರ್, ದೂರ, ತೂಕ, ಗೇಟ್ ನಂಬರು, ಗೆದ್ದ ಸಮಯ, ಎಷ್ಟು ಲೆಂತ್ ಅಂತರ, ದರ. ಪ್ರತಿ ಕುದುರೆ ಅರ್ಧ ದಾರೀಲಿ ಎಲ್ಲಿತ್ತು ಅನ್ನೋದು ನನಗೆ ಸಿಕ್ಕ ಕಾಗದಗಳಲ್ಲಿ ಇರಲಿಲ್ಲ. ರಾತ್ರಿ ಕೂತು ವಿಡಿಯೋ ನೋಡಿ, ಸ್ಟಾಪ್‌ವಾಚ್ ಒತ್ತಿ ನಾನೇ ತುಂಬಿದೆ. ಪ್ರತಿ ಕುದುರೆಗೆ ಒಂದು ಗುಣ ಬರೆದೆ: ಮುಂದೋಟ, ನಡು, ಹಿಂದೋಟ, ಕಡೇ ಹೊಡೆತ. ಹೆಂಡತಿ ಕೇಳಿದರೆ ಆಫೀಸ್ ಕೆಲಸ ಅಂತಿದ್ದೆ :-)

ಆಮೇಲೆ ಕ್ವೆರಿ ಶುರು. ಮುಂದೋಟದ ಕುದುರೆಗಳ ಮೇಲೆಲ್ಲಾ ನೂರು ನೂರು ರೂಪಾಯಿ ಹಾಕಿದ್ದರೆ ಏನಾಗ್ತಿತ್ತು? ನಷ್ಟ. 1200 ಮೀಟರ್ ಮಾತ್ರ? ನಷ್ಟ, ಸ್ವಲ್ಪ ಕಡಿಮೆ. ಒಳಗಿನ ಗೇಟು ಮಾತ್ರ? ಇನ್ನೂ ಕಡಿಮೆ. ಮೊದಲ ಆರು ಜಾಕಿಗಳು ಮಾತ್ರ? ಅರೆ, ಲಾಭ! ಎರಡು ವಾರದೊಳಗೆ ಮತ್ತೆ ಓಡಿದವನ್ನ ಬಿಟ್ಟರೆ? ಶೇ. 22 ಲಾಭ!! ರಾತ್ರಿ ಒಂದೂವರೆಗೆ ಎದ್ದು ಚಹಾ ಮಾಡ್ಕೊಂಡು ಕುಡಿದೆ ಆವತ್ತು. ನಾಳೆ ರಾಜೀನಾಮೆ ಪತ್ರ ಹೇಗೆ ಬರೀಬೇಕು ಅಂತ ಯೋಚನೆ ಬೇರೆ.

ಎಷ್ಟು ರೇಸು ಉಳಿದಿದ್ದವು ಗೊತ್ತಾ ಆ ಕಡೇ ಸಾಲಿನಲ್ಲಿ? ಮೂವತ್ತನಾಲ್ಕು.

ಕ್ವೆರಿಯಲ್ಲಿ 'ವೇರ್' ಅಂತ ಒಂದು ಮಾತಿದೆ, ಅದರ ಮುಂದೆ ಷರತ್ತುಗಳನ್ನ ಬರೀತೀವಿ. ನಮ್ಮ ಕಡೆ ಓಟದ ಸ್ಪರ್ಧೆಗೆ ಶರ್ಯತ್ತು ಅಂತಾರೆ. ಷರತ್ತು ಸೇರಿಸ್ತಾ ಹೋದ ಹಾಗೆ ಶರ್ಯತ್ತು ಗೆದ್ದೆ ಅನ್ನಿಸುತ್ತೆ. ಆದರೆ ಏನಾಗ್ತಿದೆ ನೋಡಿ. ಐದು ದೂರ, ಆರು ಜಾಕಿ, ನಾಲ್ಕು ಓಟದ ಗುಣ, ಮೂರು ಥರ ನೆಲ, ಮೂರು ಥರ ಗೇಟು, ವಿಶ್ರಾಂತಿ ಇದೆ ಅಥವಾ ಇಲ್ಲ. ಗುಣಿಸಿ: 2,160 ಕೂಟಗಳು. ಯಾವುದರಲ್ಲೂ ಏನೂ ಹುರುಳಿಲ್ಲ, ಬರೀ ನಾಣ್ಯ ಚಿಮ್ಮಿದ ಹಾಗೆ ಅಂತಲೇ ಇಟ್ಕೊಂಡರೂ, ನೂರಕ್ಕೆ ಐದು ಸಲ ಮಾತ್ರ ಆಕಸ್ಮಿಕವಾಗಿ ಬರಬಹುದಾದಷ್ಟು ಚೆಂದದ ಫಲಿತಾಂಶ ಸುಮಾರು 108 ಕೂಟಗಳಲ್ಲಿ ಕಾಣುತ್ತೆ. ಆ ನೂರೆಂಟರಲ್ಲಿ ಒಂದನ್ನ ಹೆಕ್ಕಿ ತಂದು "ನೋಡಿ ನನ್ನ ಸಿಸ್ಟಮ್" ಅಂತೀವಿ. ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. ಅದು ಹೌದು ಅನ್ನೋವರೆಗೆ ನಾನು ಕೇಳೋದನ್ನ ಬಿಡಲಿಲ್ಲ ಅಷ್ಟೇ.

ಇನ್ನೂ ನಾಚಿಕೆಯ ವಿಷಯ ಒಂದಿದೆ. ಆ 'ಮುಂದೋಟ' ಅನ್ನೋ ಗುಣವನ್ನ ನಾನು ಕುದುರೆಯ ಎಲ್ಲಾ ರೇಸುಗಳನ್ನೂ ನೋಡಿ ಬರೆದಿದ್ದೆ. ಅಂದ್ರೆ ಜನವರಿಯ ರೇಸಿಗೆ ಪಣ ಹಾಕೋ ಲೆಕ್ಕದಲ್ಲಿ ಮಾರ್ಚಿನ ಓಟದ ಜ್ಞಾನ ಸೇರಿತ್ತು! ನಾಳಿನ ಪೇಪರ್ ಓದ್ಕೊಂಡು ಇವತ್ತು ಭವಿಷ್ಯ ಹೇಳಿದ ಹಾಗೆ. ದರವೂ ಅಷ್ಟೇ, ರೇಸು ಶುರುವಾಗೋ ಹೊತ್ತಿನ ಕಡೇ ದರ ಹಾಕಿದ್ದೆ, ಪಣ ಕಟ್ಟೋ ಹೊತ್ತಿಗೆ ಅದು ನನ್ನ ಕೈಗೆ ಸಿಗೋದೇ ಇಲ್ಲ. ದಿನವಿಡೀ ಡೇಟಾಬೇಸ್ ಕೆಲಸ ಮಾಡಿ ಸಂಬಳ ತಗೊಳ್ಳೋ ಮನುಷ್ಯ ನಾನು. ಆಫೀಸಿನಲ್ಲಿ ಜೂನಿಯರ್ ಹುಡುಗ ಇಂಥ ತಪ್ಪು ಮಾಡಿದ್ದರೆ ಉಗೀತಿದ್ದೆ. ಲಾಭ ಕಂಡಿತಲ್ಲ, ಕಣ್ಣಿಗೆ ಪರದೆ ಬಿತ್ತು.

ಆ ಚಳಿಗಾಲದ ಸೀಸನ್ನಿನಲ್ಲಿ 64,000 ರೂಪಾಯಿ ಕಳಕೊಂಡೆ. ಈಗ ಕಬ್ಬಿನ ಲೆಕ್ಕದಲ್ಲಿ ಹೇಳೋದಾದರೆ ಹತ್ತೊಂಬತ್ತು ಟನ್ನಿಗೂ ಜಾಸ್ತಿ. ನನಗೆ ಅದು ಸಂಬಳದಿಂದ ತುಂಬ್ಕೊಳ್ಳೋ ಹೊಂಡ. ನಮ್ಮ ತಮ್ಮನಿಗಾದರೆ ಅರ್ಧ ಎಕರೆಯ ಒಂದು ವರ್ಷದ ಬೆಳೆ.

ಈಗ ಇದನ್ನ ಸಮರ್ಥಿಸೋರು ಹೇಳೋ ಮಾತುಗಳು. ಮೂರೇ ಇವೆ, ಎಲ್ಲವನ್ನೂ ನಾನೂ ಹೇಳಿದವನೇ.

ಒಂದು: "ಇದು ಜೂಜಲ್ಲ ಸಾರ್, ಕೌಶಲ. ಸುಪ್ರೀಂ ಕೋರ್ಟೇ ಹೇಳಿದೆ." ಹೌದು, ಮದರಾಸು ರೇಸ್ ಕ್ಲಬ್ಬಿನ ವಿಷಯದಲ್ಲಿ ಡಾ. ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ, 1996ರಲ್ಲಿ ಹೇಳಿತು. 2021ರಲ್ಲಿ ನಮ್ಮ ರಾಜ್ಯ ಆನ್‌ಲೈನ್ ಜೂಜು ನಿಲ್ಲಿಸೋಕೆ ಪೊಲೀಸ್ ಕಾಯ್ದೆ ತಿದ್ದಿದಾಗಲೂ ರೇಸ್‌ಕೋರ್ಸಿನೊಳಗಿನ ಬೆಟ್ಟಿಂಗನ್ನ ಹೊರಗೇ ಇಟ್ಟರು. (ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ಹೈಕೋರ್ಟು 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತು, ಅದು ಬೇರೆ ಕಥೆ.) ಆದರೆ ಕೋರ್ಟು ಕೇಳಿದ ಪ್ರಶ್ನೆ ಯಾವುದು? ಕಾನೂನಿನ ಕಣ್ಣಲ್ಲಿ ಇದು ಜೂಜಾ ಅಂತ. ನಿನಗೆ ಲಾಭ ಆಗುತ್ತಾ ಅಂತ ಅಲ್ಲ! ಕುಸ್ತಿಯೂ ಕೌಶಲದ ಆಟವೇ. ಹಂಗಂತ ನಾನು ಕೊಲ್ಹಾಪುರದ ಅಖಾಡಕ್ಕೆ ಇಳಿದರೆ ಬೆನ್ನು ಮಣ್ಣಿಗೆ ಹತ್ತೋಕೆ ಎಷ್ಟು ಹೊತ್ತು? ಕೌಶಲದ ಆಟ ಅಂದ್ರೆ ನಿನಗಿಂತ ಕೌಶಲ ಇದ್ದವನು ನಿನ್ನ ದುಡ್ಡು ತಗೊಳ್ತಾನೆ ಅಂತಲೇ ಅರ್ಥ. ಮುಂಜಾನೆ ಐದಕ್ಕೆ ಟ್ರ್ಯಾಕಿನ ಪಕ್ಕ ನಿಂತು ಕುದುರೆಯ ಉಸಿರು ನೋಡೋನು, ಲಾಯದ ಹುಡುಗನ ಜೊತೆ ಚಹಾ ಕುಡಿಯೋನು, ಇವರೆಲ್ಲರ ಎದುರು ನಾನು ಲ್ಯಾಪ್‌ಟಾಪ್ ಹಿಡಿದು ಕೂತವನು.

ಇದೇ ಕೌಶಲದ ಆಟವನ್ನ ಜಿಎಸ್‌ಟಿ ಪಟ್ಟಿಯಲ್ಲಿ ಎಲ್ಲಿ ಇಟ್ಟಿದ್ದಾರೆ ನೋಡಿ. ಕ್ಯಾಸಿನೊ, ಲಾಟರಿ ಸಾಲಿನಲ್ಲೇ. 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮುಖಬೆಲೆಯ ಮೇಲೆ ಶೇ. 28, 2025ರ ಸೆಪ್ಟೆಂಬರ್ 22ರಿಂದ ಶೇ. 40. ಕೈಯಿಂದ ನೂರು ರೂಪಾಯಿ ಹೋದರೆ ತೆರಿಗೆ ಕಳೆದು ಆಟಕ್ಕೆ ಉಳಿಯೋದು 71 ರೂಪಾಯಿ 43 ಪೈಸೆ. ನನ್ನ ಶೇ. 22 ಲಾಭದ ಕ್ವೆರಿ ಅಕ್ಷರಶಃ ನಿಜ ಅಂತಲೇ ಒಪ್ಪಿ. 71.43ನ್ನ 1.22ರಿಂದ ಗುಣಿಸಿದರೆ 87 ರೂಪಾಯಿ ಚಿಲ್ಲರೆ. ಅಂದ್ರೆ ಕನಸಿನ ಕ್ವೆರಿ ನಿಜವಾದರೂ ನೂರಕ್ಕೆ ಹದಿಮೂರು ನಷ್ಟ! ಸರಿಸಮ ಆಗೋಕೇ ಶೇ. 40 ಮೇಲುಗೈ ಬೇಕು. ಗೆದ್ದ ಹಣಕ್ಕೆ ಶೇ. 30 ಆದಾಯ ತೆರಿಗೆ ಬೇರೆ, ಅದರಲ್ಲಿ ಸೋತ ಟಿಕೆಟ್ಟುಗಳ ಹಣವನ್ನ ಕಳೆಯೋ ಹಾಗಿಲ್ಲ. ಕ್ವೆರಿ ಬರೀವಾಗ ಈ ಯಾವ ಕಾಲಮ್ಮೂ ನನ್ನ ಟೇಬಲ್ಲಿನಲ್ಲಿ ಇರಲಿಲ್ಲ. ಕ್ವೆರಿ ಬಗ್ಗೆ ಕೊಚ್ಚಿಕೊಳ್ಳೋರ ಟೇಬಲ್ಲಿನಲ್ಲಿ ಇದೆಯಾ, ಕೇಳಿ ನೋಡಿ.

ಎರಡು: "ಬಿಲ್ ಬೆಂಟರ್ ಗೆದ್ದನಲ್ಲ." ಗೆದ್ದ, ಕೋಟಿಗಟ್ಟಲೆ ಗೆದ್ದ. ಲಾಸ್ ವೇಗಸ್‌ನಲ್ಲಿ ಇಸ್ಪೀಟು ಎಲೆ ಎಣಿಸಿ ಪಳಗಿದವನು, 1980ರ ದಶಕದಲ್ಲಿ ಅಲನ್ ವುಡ್ಸ್ ಜೊತೆ ಹಾಂಗ್‌ಕಾಂಗಿಗೆ ಹೋದ. ಶುರುವಿನಲ್ಲಿ ಅವನೂ ಕಳಕೊಂಡ. 1994ರಲ್ಲಿ ತನ್ನ ವಿಧಾನದ ಬಗ್ಗೆ ತಾನೇ ಪ್ರಬಂಧ ಬರೆದ. ಅದನ್ನ ಓದಿದರೆ ಎರಡು ವಿಷಯ ಗೊತ್ತಾಗುತ್ತೆ. ಅವನದು 'ವೇರ್' ಹಾಕಿ ಸೋಸೋ ಕೆಲಸ ಅಲ್ಲ. ಎಷ್ಟೋ ಅಂಶಗಳನ್ನ ಒಟ್ಟಿಗೆ ತೂಗಿ ಪ್ರತಿ ಕುದುರೆಗೂ ಗೆಲ್ಲೋ ಸಾಧ್ಯತೆ ಕೊಡೋ ಮಾದರಿ, ಅದನ್ನ ಕಟ್ಟೋಕೆ ಬಳಸದ ರೇಸುಗಳ ಮೇಲೆ ಪರೀಕ್ಷೆ ಮಾಡಿದ್ದು. ಎರಡನೇದು, ಆ ಮಾದರಿ ಒಂಟಿಯಾಗಿ ಸಾಕಾಗಲಿಲ್ಲ. ಜನ ಹಾಕಿದ ಹಣದಿಂದ ಹುಟ್ಟಿದ ದರವನ್ನೂ ಅದರೊಳಗೆ ಬೆರೆಸಬೇಕಾಯ್ತು. ಜನರಿಗೆ ಏನೋ ಗೊತ್ತಿರುತ್ತೆ ಅಂತ ಅಷ್ಟು ದೊಡ್ಡ ಗಣಿತಗಾರ ಒಪ್ಪಿಕೊಂಡ. ನಾವು ಒಪ್ಪಲ್ಲ! ಜೊತೆಗೆ ಅವನಿಗೆ ಸಿಕ್ಕ ಅಂಗಳ ಹಾಂಗ್‌ಕಾಂಗಿನದು: ಎರಡೇ ಟ್ರ್ಯಾಕು, ಅವವೇ ಕುದುರೆಗಳು ಮತ್ತೆ ಮತ್ತೆ ಓಡೋದು, ಸಮುದ್ರದಷ್ಟು ಹಣ. ಕ್ವಿರಿನ್ ಲೆಕ್ಕ ಹುಟ್ಟಿದ್ದು ಅಮೆರಿಕದ ಮಣ್ಣಿನ ಟ್ರ್ಯಾಕಿನಲ್ಲಿ, ಅಲ್ಲಿ ಪ್ರತಿ ಹಂತದಲ್ಲೂ ಯಾವ ಕುದುರೆ ಎಲ್ಲಿತ್ತು ಅಂತ ಪತ್ರಿಕೆಯಲ್ಲೇ ಅಚ್ಚಾಗುತ್ತೆ. ನಮ್ಮ ಬೆಂಗಳೂರಿನ ರೇಸು ಹುಲ್ಲಿನ ಮೇಲೆ. ಅವರ ಅಳತೆಪಟ್ಟಿ ತಂದು ನಮ್ಮ ಹೊಲ ಅಳೆದರೆ ಬಾಂದು ಸರಿಯಾಗುತ್ತಾ?

ಮೂರು: "ಸಣ್ಣ ಮೊತ್ತ, ಬುದ್ಧಿಗೆ ಕಸರತ್ತು, ತಪ್ಪೇನು?" ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ತಮ್ಮನ ಫೋನು ಬರೋವರೆಗೆ. ನಿಮಗೆ ಸಣ್ಣ ಮೊತ್ತ ಇರಬಹುದು. ಆದರೆ ನಾವು ತೋರಿಸೋ ಗೆದ್ದ ಪಟ್ಟಿಯನ್ನ ನೋಡೋರು ಬರೀ ನಮ್ಮಂಥವರೇ ಅಲ್ಲ. ಚಿಕ್ಕೋಡಿಯಲ್ಲಿ ಕೂತವನಿಗೆ ರೇಸ್‌ಕೋರ್ಸು ಎಲ್ಲಿಂದ ಬರಬೇಕು? ಅವನ ಪಾಲಿಗೆ ರೇಸು ಅಂದ್ರೆ ಫೋನಿನಲ್ಲಿ ಆಡಿಸೋ ಕಳ್ಳ ಬುಕ್ಕಿ. ಅಲ್ಲಿ ಟಿಕೆಟ್ಟಿಲ್ಲ, ರಸೀತಿಯಿಲ್ಲ, ಗೆದ್ದರೆ ಕೊಡ್ತಾನೆ ಅನ್ನೋ ಖಾತ್ರಿಯಿಲ್ಲ, ಸೋತರೆ ಮನೆ ಮುಂದೆ ಬಂದು ನಿಲ್ತಾನೆ. 1996ರ ತೀರ್ಪು ಅವನ ನೆರವಿಗೆ ಬರೋದಿಲ್ಲ. ಶುದ್ಧ ಮಟ್ಕಾ ಅಂದಿದ್ದರೆ ಬಹುಶಃ ಅವನು ಹತ್ತಿರ ಹೋಗ್ತಿರಲಿಲ್ಲ, ಹೋದರೂ ನೂರೋ ಇನ್ನೂರೋ ಹಾಕಿ ಬರ್ತಿದ್ದ. "ಅಣ್ಣ ಕಂಪ್ಯೂಟರಿನ್ಯಾಗ ತೆಗದಾನ" ಅಂದಮೇಲೆ ಅದು ಎಪ್ಪತ್ತೈದು ಸಾವಿರ ಆಯ್ತು. ವೇಷ ಅಂದೆನಲ್ಲ, ಇದೇ ಆ ವೇಷದ ಬೆಲೆ.

ಇನ್ನೊಂದು ಮಾತು ಹೊಟ್ಟೆಯಲ್ಲಿ ಕುದೀತಾ ಇದೆ, ಹೇಳಿಬಿಡ್ತೀನಿ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಮ್ಮೂರ ಗಾಡಿ ಓಟಗಳಿಗೆ ಕುತ್ತು ಬಂತು, 2017ರಲ್ಲಿ ರಾಜ್ಯ ಕಾನೂನು ತಿದ್ದಿ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು, 2023ರ ಮೇ ತಿಂಗಳಲ್ಲಿ ಕೋರ್ಟು ಅದನ್ನ ಎತ್ತಿಹಿಡೀತು. ಅಷ್ಟೂ ವರ್ಷ ಪೇಟೆಯ ಕುದುರೆ ಓಟ ನಡೀತಲೇ ಇತ್ತು. ಪ್ರಾಣಿಗೆ ಹಿಂಸೆ ಆಗಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ, ಚಾಟಿ ಎರಡೂ ಕಡೆ ಚಾಟಿಯೇ. ಆದರೆ ಅಜ್ಜ ಕಣ್ಣಲ್ಲಿ ನೋಡಿ ಹೇಳಿದ್ದು ಹಳ್ಳಿಯವನ ಹುಚ್ಚು, ನಾನು ಅದನ್ನೇ ಎಸ್‌ಕ್ಯೂಎಲ್‌ನಲ್ಲಿ ಬರೆದರೆ ಕೌಶಲ ಅನ್ನೋದು ಯಾವ ನ್ಯಾಯ? ಅಜ್ಜ ಒಂದು ದಿನವೂ ಕಬ್ಬಿನ ದುಡ್ಡು ಶರ್ಯತ್ತಿಗೆ ಹಾಕಿದವನಲ್ಲ. ಹೆಚ್ಚೆಂದರೆ ಒಂದು ಕಪ್ ಚಹಾ, ಒಂದು ಪ್ಲೇಟ್ ಭಜಿ.

ಸರಿ, ಏನು ಮಾಡಬೇಕು ಅಂತೀರಾ? ಕ್ವೆರಿ ಬರೀಬೇಡಿ ಅನ್ನಲ್ಲ. ನನ್ನ ಡೇಟಾಬೇಸು ಇನ್ನೂ ಇದೆ, ಭಾನುವಾರ ತೆಗೆದು ನೋಡ್ತೀನಿ, ದುಡ್ಡು ಹಾಕಲ್ಲ. ಓಟದ ಲೆಕ್ಕ ನೋಡೋಕೆ ಚೆಂದ. ಆದರೆ ಗೆದ್ದೆ ಅಂತ ಬರೆಯೋ ಮುಂಚೆ ನಾಲ್ಕು ಸಾಲು ಜೊತೆಗೆ ಹಾಕಿ. ಇದಕ್ಕೆ ಮುಂಚೆ ಎಷ್ಟು ಕ್ವೆರಿ ಹಾಕಿ ಬಿಟ್ಟಿರಿ. ಕ್ವೆರಿ ಬರೆದ ತಾರೀಖು ಯಾವುದು, ಅದರ ನಂತರದ ರೇಸುಗಳಲ್ಲಿ ಏನಾಯ್ತು. ಯಾವ ದರದಲ್ಲಿ ನಿಜವಾಗಿ ಪಣ ಕಟ್ಟಿದಿರಿ. ತೆರಿಗೆ ಕಳೆದು ಕೈಯಲ್ಲಿ ಉಳಿದದ್ದೆಷ್ಟು. ಈ ನಾಲ್ಕನ್ನೂ ಹಾಕಿದಮೇಲೂ ಲಾಭ ಉಳಿದರೆ ನಾನೇ ನಿಮ್ಮ ಮನೆಗೆ ಬಂದು ಶಾಲು ಹೊದಿಸ್ತೀನಿ.

ನಮ್ಮ ತಮ್ಮನಿಗೆ ನಿನ್ನೆ ರಾತ್ರಿ ಫೈಲು ಕಳಿಸಿದೆ. ಕ್ವೆರಿಯದಲ್ಲ. ಆ ಸೀಸನ್ನಿನಲ್ಲಿ ಹಾಕಿದ ಒಂದೊಂದು ಪಣದ್ದು, ತಾರೀಖು ಸಮೇತ, ಕಡೇ ಸಾಲಿನಲ್ಲಿ 64,000 ಕೆಂಪು ಬಣ್ಣದಲ್ಲಿ. ಬೆಳಿಗ್ಗೆ ಫೋನು ಮಾಡಿದ.

"ಅಣ್ಣಾ, ಇದನ್ನ ದೀಪಾವಳ್ಯಾಗ ಯಾಕ ತೋರಸಲಿಲ್ಲ?"

"ನಾಚಿಕಿ ಬಂದಿತ್ತೋ ತಮ್ಮಾ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಾಕಾಗ ಹೇಳಂಗಿಲ್ಲ ಬಿಡ" ಅಂದ. ಅವನ ಕಾಕಾ ಅಂದ್ರೆ ನಮ್ಮಪ್ಪ. ದುಡ್ಡು ಹಾಕ್ತೀನಿ ಅಂತಲೂ ಅನ್ನಲಿಲ್ಲ, ಹಾಕಲ್ಲ ಅಂತಲೂ ಅನ್ನಲಿಲ್ಲ. ಬರೋ ಶನಿವಾರ ರಾತ್ರಿ ಬಸ್ಸಿಗೆ ಚಿಕ್ಕೋಡಿಗೆ ಹೊರಟಿದ್ದೀನಿ. ಲ್ಯಾಪ್‌ಟಾಪ್ ತಗೊಂಡು ಹೋಗ್ತಾ ಇಲ್ಲ.

ನಿಮ್ಮ ಹತ್ತಿರವೂ ಇಂಥ ಕೆಂಪು ಸಾಲು ಇದ್ದರೆ ಕೆಳಗೆ ಬರೀರಿ. ಗೆದ್ದ ಕಥೆ ಬೇಡ, ಅವು ಬೇಕಾದಷ್ಟಿವೆ.